ಗ್ವಾಡಿ ಇಲ್ಲದ ಸಾಲಿ

ಗ್ವಾಡಿ ಇದ್ದ ಸರ್ಕಾರಿ ಸಾಲ್ಯಾಗ ನಾ ರಿಟೈರ್ ಆಗೂತನಕ ಕಲಸೀನಿ. ಅಲ್ಲೂ ನಗೂ ಪ್ರಸಂಗ ಬರ್ತಿದ್ವು, ಇಲ್ಲಂತಲ್ಲ. ಆದ್ರ ಸಾಹೇಬ್ರು ತಪಾಸಣಿಗೆ ಬಂದಾಗಷ್ಟ. ಗ್ವಾಡಿ ಇಲ್ಲದ ಸಾಲಿಗೆ ಬಂದ ಮ್ಯಾಲ ಮಾತ್ರ ದಿನಾ ಒಂದಿಲ್ಲೊಂದು ನಡೀತಾವ. ಗ್ವಾಡಿ ಯಾಕ ಕಟ್ತಾರ ಅಂತ ನನಗ ಈ ವಯಸ್ಸಿನ್ಯಾಗ ತಿಳೀತು ನೋಡ್ರಿ. ಮಕ್ಕಳು ಹೊರಗ ಹೋಗಬಾರದಂತಲ್ಲ, ಪಾಲಕರು ಒಳಗ ಬರಬಾರದಂತ.

ಇದ್ಯಾವ ಸಾಲಿ ಅಂತೀರೇನು? ಹುಮನಾಬಾದ, ಬಸವಕಲ್ಯಾಣದ ಕೆಲವು ಮನಿಯವರು ಮಕ್ಕಳನ್ನ ಸಾಲಿ ಬಿಡಿಸಿ ಮನ್ಯಾಗ ಕಲಸಾಕತ್ತಾರ. ಮನ್ಯಾಗ ಅಂದ್ರ ಬರೇ ಮನ್ಯಾಗ ಅಲ್ರೀ. ಗಿಡದ ಬುಡಕ, ಹೊಲದ ಬದುವಿನ ಮ್ಯಾಲ, ಹಳ್ಳದ ದಂಡಿಗೆ. ಹಿಂಗ ಕಲಿತ್ರ ಮಕ್ಕಳು ತಾವಾಗೇ ಅರಳ್ತಾರ ಅಂತ ಮೊಬೈಲಿನ್ಯಾಗ ಯಾರೋ ಹೇಳ್ಯಾರ. ತಾವಾಗೇ ಅರಳೂ ಮಕ್ಕಳನ್ನ ಬಿಸಿಲಾಗ ಕರ್ಕೊಂಡು ತಿರಗಾಕ ಒಬ್ಬರು ಬೇಕಲ್ಲ? ರಿಟೈರ್ ಆದ ಅಕ್ಕೋರು, ಮನ್ಯಾಗ ಖಾಲಿ ಕುಂತಾರ, ಬಿಸಿಲಿಗೆ ಅಂಜಂಗಿಲ್ಲ ಅಂತ ನನ್ನ ಹಿಡಕೊಂಡು ಬಂದ್ರು.

ಈ ಮಕ್ಕಳಾಗ ಹುಮನಾಬಾದಿನ ದಾಲ್ ಮಿಲ್ ಸಾಹುಕಾರ್ರ ಮೊಮ್ಮಗಳು ಒಬ್ಬಾಕಿ. ಮದಲಿನ ಸಾಲ್ಯಾಗ ಇದ್ದಾಗ ಮುಂಜಾನೆದ್ದು ಬ್ಯಾಗ್ ಕಂಡ್ರ ಸಾಕು, ತಿಂದದ್ದೆಲ್ಲ ವಾಂತಿ ಮಾಡ್ಕೋತಿದ್ಲಂತ. ನೋಡಿ ನೋಡಿ ಅವರವ್ವ ಸಾಲಿ ಬಿಡಿಸಿದ್ಲು. ಸಾಹುಕಾರ್ರಿಗೆ ಇದು ಒಂಚೂರೂ ಮನಸಿಗೆ ಬರಲಿಲ್ಲ. "ದೀಪಾವಳಿ ಆಗ್ಲಿ, ನಾನ ಬಂದು ಪರೀಕ್ಷಾ ತಗೋತೀನಿ. ಉತ್ರ ಬರಲಿಲ್ಲಂದ್ರ ಸೀದಾ ಹೈದರಾಬಾದ ಕಡೆ ಹಾಸ್ಟೆಲ್ಲಿಗೆ" ಅಂತ ಫರ್ಮಾನ್ ಹೊರಡಿಸಿದ್ರು.

ಆ ಹುಡುಗಿ ಒಂದಿನ ನನ್ನ ಸೆರಗ ಹಿಡದು ಕೇಳಿದ್ಲು: "ಅಕ್ಕೋರ, ಹಾಸ್ಟೆಲ್ಲಿನ್ಯಾಗ ಅವ್ವಾ ನೆನಪಾದ್ರ ಏನ್ ಮಾಡ್ಬೇಕ್ರಿ?"

ಈಕೀನ ಹ್ಯಾಂಗರ ಮಾಡಿ ಇಲ್ಲೇ ಉಳಿಸ್ಕೋಬೇಕು ಅಂತ ಅವತ್ತ ಹಟ ಹಿಡದೆ. ಮುಂದಿಂದೆಲ್ಲ ಸಹಿಸಿದ್ದು ಅದೊಂದ ಕಾರಣಕ್ಕ.

ಮಣ್ಣು

ಮದಲನೇ ಪಾಠ, ಮಣ್ಣು ಮುಟ್ಟೂದು. ದುಬಲಗುಂಡಿ ದಾರ್ಯಾಗ ಒಬ್ಬ ಯಜಮಾನ್ರು ತಮ್ಮ ಹೊಲದ ಬದುವಿನ ಮ್ಯಾಲ ಕುಂದರ್ಲಾಕ ಜಾಗಾ ಕೊಟ್ಟಿದ್ರು. ದೊಡ್ಡ ಬೇವಿನ ಗಿಡ, ಸುತ್ತ ಕಣ್ಣು ಹಾಯೂತನಕ ತೊಗರಿ ಹೊಲ.

ಬಸವಕಲ್ಯಾಣದ ಬಟ್ಟಿ ಅಂಗಡಿ ಸೇಠರ ಹೆಂಡ್ತಿ ಕಾರಿನಿಂದ ಮಗನ್ನ ಇಳಿಸಿದ್ರು. ಆಮ್ಯಾಲ ಚಾಪಿ ಇಳಿಸಿದ್ರು, ಛತ್ರಿ ಇಳಿಸಿದ್ರು, ಕೈ ತೊಳಿಯೂ ಬಾಟಲಿ ಇಳಿಸಿದ್ರು. ಕಡೀಕ ಒಂದು ಭಾರಿ ಪ್ಯಾಕೆಟ್ ಇಳೀತು.

"ಇದೇನ್ರಿ ಭಾಭಿ?"

"ಮಣ್ಣ್ರೀ ಅಕ್ಕೋರ. ಆನ್‌ಲೈನ್‌ದಾಗ ತರಿಸೀನಿ. ಸೋಸ್ಯಾರ, ಒಣಗಸ್ಯಾರ, ಒಂದ್ ಹುಳ ಇಲ್ಲ. ಇಲ್ಲಿದು ಕೈಗೆ ಹತ್ತತದ ನೋಡ್ರಿ."

ಹೊಲದ ಮ್ಯಾಲ ಪ್ಲಾಸ್ಟಿಕ್ ಹಾಸಿ, ಪ್ಲಾಸ್ಟಿಕ್ಕಿನ ಮ್ಯಾಲ ಆ ಮಣ್ಣು ಸುರುವಿದ್ರು. ಮಕ್ಕಳು ಸುತ್ತ ಕುಂತು ಎರಡು ಬೆರಳಿಲೆ ಮುಟ್ಟಿ ನಿಸರ್ಗದ ಅನುಭವ ತಗೊಂಡ್ರು. ಹೊಲದ ಯಜಮಾನ್ರು ಬಾರಕೋಲಿಗೆ ಗದ್ದ ಊರಿ ಎಲ್ಲಾ ನೋಡಾಕತ್ತಿದ್ರು. ಹೊರಡೂ ಹೊತ್ತಿಗೆ ಭಾಭಿ ಮಣ್ಣೆಲ್ಲ ಬಳದು ಮತ್ತ ಪ್ಯಾಕೆಟ್ಟಿಗೆ ತುಂಬಾಕತ್ತಿದ್ದಕ್ಕ ಯಜಮಾನ್ರು ಕೈ ಮುಗದು ಅಂದ್ರು:

"ಇಲ್ಲೇ ಬಿಟ್ಟ ಹೋಗ್ರಿ ತಾಯಿ. ನಮ್ಮ ಹೊಲದಾಗ ಎಲ್ಲಾ ಅದ, ಮಣ್ಣೊಂದ ಕಮ್ಮಿ ಬಿದ್ದಿತ್ತು."

ಮೌನ

ಮೊಬೈಲಿನವರ ಇನ್ನೊಂದು ಪಾಠ ಅದ. ಒಂದೊಂದು ಮಗು ಒಂದೊಂದು ಗಿಡದ ಬುಡಕ ಒಬ್ಬೊಬ್ಬರ ಮೌನವಾಗಿ ಕುಂದರಬೇಕು. ಗಾಳಿ ಕೇಳಬೇಕು, ಹಕ್ಕಿ ಕೇಳಬೇಕು. ದೊಡ್ಡವರ್ಯಾರೂ ಹತ್ರ ಹೋಗಬಾರದು.

ಈ ಪಾಠ ಬರದವರು ನಮ್ಮ ಕಡೆಯವರಲ್ಲ, ಇಷ್ಟು ಗ್ಯಾರಂಟಿ. ನಮ್ಮ ಕಡೆ ಒಂದು ಮಗು ದಾರಿ ದಂಡಿಗೆ ಒಬ್ಬ ಸುಮ್ಮ ಕುಂತದ ಅಂದ್ರ ಹಾದು ಹೋಗವ್ರು ಹಾಂಗ ಹಾದು ಹೋಗ್ತಾರೇನು?

ಹೊಲದ ದಾರಿ ದಂಡಿಗಿನ ಗಿಡಗಳ ಬುಡಕ ಮಕ್ಕಳನ್ನ ಕುಂದರಿಸಿದೆ. ಮದಲ ಕಳೆ ತಗಿಯಾಕ ಹೊಂಟ ಹೆಣ್ಮಕ್ಕಳು ಸಾಹುಕಾರ್ರ ಮೊಮ್ಮಗಳ ಹತ್ರ ನಿಂತ್ರು. "ಯಾರ ಮಗಳವ್ವ? ಯಾಕ ಮಾರಿ ಸಣ್ಣದು ಮಾಡ್ಕೊಂಡು ಕುಂತಿ? ಉಂಡೀಯೇನು?" ಹುಡುಗಿಗೆ ಮಾತಾಡಬಾರದಂತ ನಾ ಹೇಳಿದ್ದೆ, ಆಕಿ ಬಾಯಿ ಬಿಡಲಿಲ್ಲ. ಮಾತಾಡಲಿಲ್ಲ ಅಂದಕೂಡ್ಲೆ ಅವರಿಗೆ ಗಾಬರಿ ಆಯ್ತು. ಒಬ್ಬಾಕಿ ಬುತ್ತಿ ಬಿಚ್ಚಿ ರೊಟ್ಟಿ ಪುಂಡಿಪಲ್ಯ ಬಾಯಿಗೆ ತುರುಕಿದ್ಲು, ಇನ್ನೊಬ್ಬಾಕಿ ಹಣಿ ಮುಟ್ಟಿ ಜ್ವರ ನೋಡಿದ್ಲು. ಸೇಠರ ಮಗನ ಹತ್ರ ಬೈಕ್ ನಿಂತ್ವು, ಬೈಕ್ ನೋಡಿ ಟಂಟಂ ಆಟೋ ನಿಂತಿತು, ಟಂಟಂನಿಂದ ಇಳದವ್ರು ಒಂದೊಂದು ಗಿಡಕ್ಕ ಹಂಚಿಕೊಂಡ್ರು. ಒಂದೊಂದು ಮೌನದ ಸುತ್ತ ಒಂದೊಂದು ಪಂಚಾಯ್ತಿ.

ಕಡೀಕ ರುಮಾಲಿನ ಅಜ್ಜಾರೊಬ್ರು ಕೋಲು ಊರ್ಕೋತ ಸೀದಾ ನನ್ನ ಕಡೆ ಬಂದ್ರು.

"ನೀವಾ ಏನ್ರಿ ಅಕ್ಕೋರು?"

"ಹೌದ್ರಿ."

"ಮನಿ ಅಭ್ಯಾಸ ಮಾಡಿಲ್ಲಂತ ಮಕ್ಕಳನ್ನ ಹೊರಗ ಕುಂದರ್ಸೂದು ಗೊತ್ತದ. ನಾವೂ ಕುಂತೀವಿ. ಆದ್ರ ಸಾಲೀನ ಕಾಣವಲ್ದು, ಎಲ್ಲಿಂದ ಹೊರಗ ಹಾಕೀರಿ?"

ಟ್ಯೂಶನ್

ಬಟ್ಟಿ ಅಂಗಡಿ ಸೇಠರು ಮಗನ್ನ ಸಾಲಿ ಬಿಡಿಸಿದ್ದಕ್ಕ ಒಂದು ದೊಡ್ಡ ತತ್ವ ಅದ. "ಅಕ್ಕೋರ, ನಂಬರ್ ಬ್ಯಾಡ, ರ‍್ಯಾಂಕ್ ಬ್ಯಾಡ, ಟೆನ್ಷನ್ನ ಬ್ಯಾಡ. ಮಗಾ ಗಿಡದಂಗ ಆರಾಮ್ ಬೆಳೀಲಿ" ಅಂತ ಸಿಕ್ಕಾಗೆಲ್ಲ ಹೇಳ್ತಿದ್ರು. ಕೇಳಿ ಕೇಳಿ ನನಗೂ ಖರೇ ಅನಿಸಿತ್ತು.

ಒಂದಿನ ಮಕ್ಕಳನ್ನ ಬೇವಿನ ಗಿಡ ಹತ್ತಿಸಿದೆ. ಸಾಹುಕಾರ್ರ ಮೊಮ್ಮಗಳು ಸರಸರ ಹತ್ತಿ ಮ್ಯಾಲಿನ ಟೊಂಗಿ ಮ್ಯಾಲ ಕುಂತು ಕಾಲು ಅಲಗಾಡಿಸಿದ್ಲು. ಸೇಠರ ಮಗಾ ಬೊಡ್ಡಿ ಅಪ್ಪಿಕೊಂಡು ಅಲ್ಲೇ ನಿಂತಾ. ಸಂಜಿಗೆ ಸೇಠರ ಫೋನು.

"ನಂಬರ್ ಬ್ಯಾಡ, ಸುಮ್ಮ ಕೇಳಾಕತ್ತೀನ್ರಿ. ನಮ್ಮ ಹುಡುಗ ಎಷ್ಟನೇದಾಂವ ಬಂದಾ?"

"ಗಿಡ ಹತ್ತೂದ್ರಾಗ ನಂಬರ್ ಇರಂಗಿಲ್ರಿ ಸೇಠ."

"ಅದು ಸರಿ ಅದರೀ. ಫಸ್ಟ್ ಯಾರು ಬಂದ್ರು?"

ಮುಂದಿನ ವಾರ ನೋಡ್ತೀನಿ, ಹುಡುಗ ಕಣ್ಣು ಮುಚ್ಚಿ ತಗಿಯೂದ್ರಾಗ ಬೇವಿನ ತುದಿ ಮುಟ್ಟ್ಯಾನ! ನನಗ ಹಿಗ್ಗೇ ಹಿಗ್ಗು. ನಿಸರ್ಗ ಅಂದ್ರ ಏನಪಾ, ಮಗೂನ ಹ್ಯಾಂಗ ಅರಳಸ್ತದ ಅಂತ ಒಂದು ಸಣ್ಣ ಭಾಷಣಾನೂ ಮಾಡಿದೆ. ಹಂಗ ಬಾಜೂಕಿನ ಹುಣಸಿ ಗಿಡಾನೂ ಹತ್ತಪಾ ಅಂದೆ.

ಹುಡುಗ ಅಲ್ಲೇ ನಿಂತು ತಲಿ ಕೆರಕೊಂಡಾ. "ಬರಂಗಿಲ್ರಿ ಅಕ್ಕೋರ. ನಮ್ಮ ಅಬ್ಬಾ ಸಂಜಿಗೆ ಟ್ಯೂಶನ್ನಿಗೆ ಹಾಕ್ಯಾರ. ಅಲ್ಲಿ ಇನ್ನೂ ಬೇವ ನಡದದ, ಹುಣಸಿ ಮುಂದಿನ ತಿಂಗಳ."

ಪರೀಕ್ಷಾ

ದೀಪಾವಳಿ ಆಯ್ತು. ಸಾಹುಕಾರ್ರು ಬರೂ ದಿನ ಗೊತ್ತಾಯ್ತು. ನನಗ ಊಟ ಸೇರವಲ್ದು. ಹುಡುಗಿಗೆ ಗಿಡ ಗೊತ್ತು, ಹಕ್ಕಿ ಗೊತ್ತು, ಇರುವಿ ಗೂಡು ಗೊತ್ತು. ಸಾಹುಕಾರ್ರು ಇದನ್ನೆಲ್ಲ ಕೇಳ್ತಾರೇನು? ಅವರು ಮಗ್ಗಿ ಕೇಳಾವ್ರು. ಮಗ್ಗಿ ಕೇಳೂ ಮುಂದ ಅವರ ಮಾರಿ ನೋಡಿದ್ರ ನನಗ ಮಗ್ಗಿ ಮರೀತದ, ಹುಡುಗೀದೇನು ಕಥಿ? ನಾಳೆ ಹಾಸ್ಟೆಲ್ಲಿಗೆ ಟ್ರಂಕ್ ಕಟ್ಟೂದ ಅಂತ ಅನಕೊಂಡೆ.

ಮುಂಜಾನೆ ಹೊಲಕ್ಕ ಹೋದ್ರ ನಮ್ಮ ಬೇವಿನ ಗಿಡಾನ ಕಾಣವಲ್ದು! ಶಾಮಿಯಾನಾ ಹಾಕ್ಯಾರ. ಒಳಗ ಕೆಂಪು ಜಮಖಾನಾ, ನಡಬರಕ ಸಿಂಹಾಸನದಂಥ ಖುರ್ಚಿ, ಮೈಕು, ತೋಳಿನಷ್ಟು ದಪ್ಪ ಹಾರ. ಹುಡುಗಿ ಅವ್ವ ನನ್ನ ಬಾಜೂಕ ಎಳಕೊಂಡು, "ನೀವೇನೂ ಮಾತಾಡಬ್ಯಾಡ್ರಿ ಅಕ್ಕೋರ, ಸುಮ್ಮ ಚಪ್ಪಾಳಿ ಹೊಡೀರಿ" ಅಂದ್ಲು.

ಜೀಪು ಬಂತು. ಸಾಹುಕಾರ್ರು ಹುಬ್ಬು ಗಂಟು ಹಾಕ್ಕೊಂಡ ಇಳದ್ರು. "ಎಲ್ಲಿ ಆಕಿ? ಕರೀರಿ" ಅನ್ನೂದ್ರಾಗ ಸೇಠರು ಮೈಕ್ ಹಿಡದ್ರು.

"ಇಂದಿನ ಸಮಾರಂಭದ ಅಧ್ಯಕ್ಷರು ಆಗಮಿಸಿದ್ದಾರೆ. ಜೋರಾದ ಚಪ್ಪಾಳೆ!"

"ಯಾವ ಸಮಾರಂಭ? ನಾ ಪರೀಕ್ಷಾ ತಗೋಳಾಕ ಬಂದೀನಿ."

"ಆಮ್ಯಾಲ ತಗೋರಿ ಸಾಹುಕಾರ, ಮದಲ ಸನ್ಮಾನ."

ಬ್ಯಾಡ ಬ್ಯಾಡ ಅನ್ಕೋತ ಅವರ ಕುತಿಗಿ ತಾನಾಗೇ ಹಾರದ ಕಡೆ ಬಗ್ಗಿತು. ಶಾಲು ಬಿತ್ತು, ತಲಿ ಮ್ಯಾಲ ಪೇಟಾ ಕುಂತಿತು, ಕೈಯಾಗ ಹಣ್ಣಿನ ಬುಟ್ಟಿ ಬಂತು. ನಮ್ಮ ಕಡೆ ಒಮ್ಮೆ ಮೈಕ್ ಚಾಲೂ ಆತಂದ್ರ ನಿಮಗ ಗೊತ್ತ ಅದ. ಪ್ರಾರ್ಥನಾ ಆತು, ಸ್ವಾಗತ ಆತು, ಪ್ರಾಸ್ತಾವಿಕ ಆತು. ಸದ್ದು ಕೇಳಿ ಹೊಲದಾಗಿನ ಮಂದಿ ಎಲ್ಲಾ ಬಂದು ಕುಂತ್ರು. ಕಡೀಕ ಅಧ್ಯಕ್ಷೀಯ ಭಾಷಣ.

ಪೇಟಾ ಹಾಕ್ಕೊಂಡ ಅಧ್ಯಕ್ಷ ಯಾವತ್ತರ ಕಾರ್ಯಕ್ರಮ ಬೈದಾನೇನು? ಸಾಹುಕಾರ್ರು ಗಂಟಲಾ ಸರಿ ಮಾಡ್ಕೊಂಡ್ರು.

"ಬಂಧುಗಳೇ! ಸಾಲಿ ಅಂದ್ರ ಏನು? ಬರೇ ನಾಕು ಗ್ವಾಡಿ! ಮಕ್ಕಳು ಎಲ್ಲಿ ಕಲೀಬೇಕು? ಇಂಥಲ್ಲಿ!"

ಚಪ್ಪಾಳಿ ಬಿತ್ತು. ಚಪ್ಪಾಳಿಗೆ ದನಿ ಏರ್ತು.

"ನನ್ನ ಮೊಮ್ಮಗಳು ಇಲ್ಲೇ ಕಲೀತಾಳ! ಯಾವಾಂವ ಬ್ಯಾಡ ಅಂತಾನ, ನನ್ನ ಮುಂದ ಬರ್ಲಿ ನೋಡ್ತೀನಿ!"

ಹಂಗಂದು ಮಂದಿ ಒಳಗ ಆ ಮನಷ್ಯಾನ್ನ ಹುಡುಕಿದ್ರು. ಬ್ಯಾಡ ಅಂದಾಂವ ಇಡೀ ಜಿಲ್ಲಾದಾಗ ಒಬ್ಬನ ಇದ್ದಾ, ಅಂವಾ ಪೇಟಾ ಹಾಕ್ಕೊಂಡು ಮೈಕ್ ಹಿಡದು ನಿಂತಿದ್ದಾ.

ವಂದನಾರ್ಪಣಾ ಆತು, ಚಾ ಭಜಿ ಆತು. ಸಾಹುಕಾರ್ರು ಪೇಟಾ ತಗೀದ ಹಂಗ ಜೀಪ್ ಹತ್ತಿದ್ರು. ಪರೀಕ್ಷಾ ಅವರಿಗೂ ನೆನಪಾಗಲಿಲ್ಲ, ನಾವೂ ನೆನಪ ಮಾಡಲಿಲ್ಲ. ಹುಡುಗಿ ಅವ್ವ ಕಣ್ಣು ಒರಸ್ಕೋತ ನಿಂತಿದ್ಲು.

"ಭಾಳ ಶಾಣ್ಯಾಕಿ ಇದ್ದಿ ತಾಯಿ" ಅಂದೆ. "ಹ್ಯಾಂಗ ಹೊಳೀತು ಇದು ನಿನಗ?"

"ನಂದೇನೂ ಇಲ್ರೀ. ಎಲ್ಲಾ ಈಕಿದು" ಅಂತ ಮಗಳ ಕಡೆ ಕೈ ಮಾಡಿದ್ಲು. ಮಗಳು ಅಧ್ಯಕ್ಷರ ಖುರ್ಚಿ ಮ್ಯಾಲ ಕುಂತು ಭಜಿ ತಿನ್ನಾಕತ್ತಿದ್ಲು.

"ಯಾರು ಹೇಳಿಕೊಟ್ರವ್ವ ನಿನಗ?"

"ನೀವಾ, ಅಕ್ಕೋರ. ಯಾವ ಪ್ರಾಣಿ ಎದುರ ಬಂದ್ರೂ ಅಂಜಿ ಓಡಬ್ಯಾಡ್ರಿ, ದೂರ ಕುಂತು ಅದು ಏನ್ ತಿಂತದ ನೋಡ್ರಿ ಅಂತ ಹೇಳಿಲ್ಲೇನ್ರಿ? ನಾ ಪಡಸಾಲ್ಯಾಗ ಕುಂತು ಅಜ್ಜನ್ನ ದಿನಾ ನೋಡೀನಿ. ಬಾಕಿ ಹೊತ್ತು ನಗಂಗಿಲ್ಲ, ಗ್ವಾಡಿ ಮ್ಯಾಲಿನ ಶಾಲು ಹೊದ್ದ ಫೋಟೋದಾಗಷ್ಟ ನಗತಾನ." ಬಾಯಾಗಿನ ಭಜಿ ನುಂಗಿ ಅಂದ್ಲು, "ನಮ್ಮಜ್ಜ ಶಾಲು ತಿಂತಾನ್ರಿ."