ಹಾಡಿನ ಫೋನು ಹೇಗಿದೆ ಅಂತ ಕೇಳಿದ್ದಕ್ಕೆ

“ನಾ ಬರೂತನಕ ಫೋನ್ ಮುಟ್ಟಬ್ಯಾಡ್ರಿ. ಹಾಳ ಮಾಡ್ತೀರಿ.”

ನನ್ನ ಹೆಂಡತಿ ನನಗೆ ಕಡೆಗೆ ಹೇಳಿದ ಮಾತು ಇದು. ಆಸ್ಪತ್ರೆಯ ಗಾಡಿಯಲ್ಲಿ ಮಲಗಿಕೊಂಡು ಹೇಳಿದಳು. ಬೆಳಿಗ್ಗೆಯಿಂದ ಎದೆನೋವು ಅಂತ ಕೂತಿದ್ದಳು. ಗಾಡಿಯಲ್ಲಿ ಜೊತೆಗೆ ಒಬ್ಬರೇ ಅಂದರು. ಮನೆಗೆ ಬಂದಿದ್ದ ಅವಳ ತಂಗಿ ಹತ್ತಿದಳು. ನಾನು ಹಿಂದೆಯೇ ಬಸ್ಸಿಗೆ ಹೊರಟೆ. ಯಲ್ಲಾಪುರದಿಂದ ಹುಬ್ಬಳ್ಳಿ ಬಹಳ ದೂರವೇನಲ್ಲ. ಆದರೂ ನಾನು ಹೋಗುವಷ್ಟರಲ್ಲಿ ಮುಗಿದಿತ್ತು.

ಹಾಗೆ ಹೇಳಲು ಕಾರಣ ಇತ್ತು. ಹಿಂದಿನ ದಿನ ನಾನು ಏನೋ ಒತ್ತಿ, ಫೋನು ಹಿಂದಿಯಲ್ಲಿ ಮಾತಾಡಲು ಶುರು ಮಾಡಿತ್ತು. ಅವಳು ಬೈಯುತ್ತ ಸರಿ ಮಾಡಿದ್ದಳು.

ಆ ಫೋನು ಮನೆಗೆ ಬಂದಾಗಿನಿಂದ ಇಂಥದ್ದು ಏನಾದರೊಂದು ಆಗುತ್ತಲೇ ಇದೆ. ಮೊನ್ನೆ ಶಿರಸಿಯಲ್ಲಿ ಅದನ್ನು ಕೊಟ್ಟ ಅಂಗಡಿಯವರು ಸಿಕ್ಕಿದ್ದರು. “ಬಳಸಿದವರು ನೀವು. ಹೇಗಿದೆ ಅಂತ ನಾಲ್ಕು ಮಾತು ಬರೆದುಕೊಡಿ, ಬೇರೆ ಗಿರಾಕಿಗಳಿಗೆ ಓದಲಿಕ್ಕೆ ಆಗ್ತದೆ” ಅಂದರು. ನಾನು ಓದಿದ್ದು ನಾಲ್ಕನೇ ಇಯತ್ತೆ. ಬರೆಯುವುದು ನಿಧಾನ. ಚೆನ್ನಾಗಿದೆ ಅಂತ ಒಂದು ಮಾತು ಬರೆದು ಬಿಡಬಹುದಿತ್ತು. ಪೂರ್ತಿ ನಿಜವಾಗುತ್ತಿರಲಿಲ್ಲ. ಅದಕ್ಕೆ ಆದದ್ದನ್ನೇ ಬರೆದಿದ್ದೇನೆ.

ಸೌಂಡು

ನಾನು ಯಲ್ಲಾಪುರದಲ್ಲಿ ಕಟ್ಟಿಗೆ ಕೊಯ್ಯುವ ಮಿಲ್ಲಿನಲ್ಲಿದ್ದೇನೆ. ದೊಡ್ಡ ಗರಗಸದ ಬಳಿ ನಿಂತು ನಿಂತು ಕಿವಿ ಮಂದವಾಗಿದೆ. ಎದುರು ನಿಂತು ಗಟ್ಟಿಯಾಗಿ ಮಾತಾಡಿದರೆ ಕೇಳುತ್ತದೆ. ಫೋನು ಕೂಗಿದರೆ ಮಾತ್ರ ಕೇಳುತ್ತಿರಲಿಲ್ಲ. ನಾನು ಎತ್ತದಿದ್ದರೆ ಹೆಂಡತಿಗೆ ಗಾಬರಿ. ಗರಗಸದ ಕೆಲಸವಲ್ಲವೇ.

ಶಿರಸಿಗೆ ಕರೆದುಕೊಂಡು ಹೋದಳು. ಅಂಗಡಿಯವರು ಒಂದೊಂದೇ ಫೋನು ತೆಗೆದು ಕ್ಯಾಮರಾ ತೋರಿಸಿದರು.

“ಕ್ಯಾಮರಾ ಬ್ಯಾಡ್ರಿ. ಇವರ ಮಾರಿ ನಾ ದಿನಾ ನೋಡ್ತೀನಿ. ಸೌಂಡ್ ಎಷ್ಟೈತಿ ಹೇಳ್ರಿ.”

ಆಗ ಹಾಡಿನ ಫೋನು ಅಂತ ಬೇರೆ ಇಡುತ್ತಾರಲ್ಲ, ಅಂಥವನ್ನು ತೆಗೆದರು. ನಮ್ಮ ಈ ಫೋನಿನಲ್ಲಿ ಹಿಂದೆ ಎರಡು ಸ್ಪೀಕರು. ಪಕ್ಕದಲ್ಲಿ ಹಾಡು ಹಚ್ಚಲಿಕ್ಕೇ ಒಂದು ಕೆಂಪು ಗುಂಡಿ.

“ಇದು ರಾಶಿ ಚೊಲೊ ಕೇಳ್ತದೆ ಅಕ್ಕಾ.”

“ನಿಮಗ ಕೇಳಿದರ ಏನ್ ಬಂತು. ಇವರಿಗೆ ಕೇಳಬೇಕು.” ನನ್ನ ಕಡೆ ತಿರುಗಿದಳು. “ರಸ್ತೆ ದಾಟಿ ಆ ಕಡೆ ನಿಂದರ್ರಿ. ಹಾಡು ಕೇಳಿದ ಕೂಡಲೇ ಕೈ ಎತ್ತರಿ.”

“ಅಷ್ಟು ದೂರ ಎಂತಕ್ಕೆ ಅಕ್ಕಾ?”

“ಮಿಲ್ಲಿನಾಗ ಇದಕಿಂತ ಗದ್ದಲ ಇರ್ತೈತಿ.”

ಹೋಗಿ ನಿಂತೆ. ನಡುವೆ ಲಾರಿ, ಟೆಂಪೋ. ಅವಳು ಒಂದು ಫೋನು ಎತ್ತಿ ಹಿಡಿದಳು. ಕೇಳಲಿಲ್ಲ. ಇನ್ನೊಂದು ಹಿಡಿದಳು. ಕೇಳಲಿಲ್ಲ. ಪರೀಕ್ಷೆ ಫೋನಿಗಲ್ಲ, ನನ್ನ ಕಿವಿಗೆ ಅನ್ನಿಸಿತು. ಯಾವುದೂ ಕೇಳದಿದ್ದರೆ ಮುಂದೇನು? ಆಮೇಲೆ ಅವಳು ಈ ಫೋನು ಹಿಡಿದಳು. ಕುಣಿಯುವ ಹಾಡು. ಲಾರಿಯ ಸದ್ದು ದಾಟಿ ಬಂತು. ಖುಷಿಗೆ ಕೈ ಪೂರಾ ಮೇಲೆತ್ತಿದೆ.

ಹುಬ್ಬಳ್ಳಿ ಬಸ್ಸು ನಿಂತಿತು.

“ಹತ್ತರಿ ಲಗೂ” ಅಂದರು ಕಂಡಕ್ಟರು.

“ನಾ ಹತ್ತಾವಲ್ಲ.”

“ಮತ್ತ ಕೈ ಯಾಕ ಮಾಡಿದ್ರಿ?”

“ಹಾಡು ಕೇಳ್ತು.”

ಕಂಡಕ್ಟರು ಆಚೀಚೆ ನೋಡಿದರು. ನನ್ನ ಮುಖ ನೋಡಿದರು. ಬೈಯಲಿಲ್ಲ. ಮೆತ್ತಗೆ ಕೇಳಿದರು, “ಜೊತಿಗೆ ಯಾರರ ಬಂದಾರೇನ್ರಿ?”

ಗುಟ್ಟು

ಈ ಫೋನಿನಲ್ಲಿ ಗುಟ್ಟು ಮಾತಾಡಲು ಆಗುವುದಿಲ್ಲ. ನನಗೆ ಕೇಳಲಿ ಅಂತ ಅವಳು ಅದನ್ನು ಯಾವಾಗಲೂ ಸ್ಪೀಕರಿಗೇ ಹಾಕಿಟ್ಟಿದ್ದಳು. ಕೆಲಸದ ಹೊತ್ತು ನನ್ನ ಕಿಸೆಯಲ್ಲಿ. ಅವಳು ತನ್ನ ಸಣ್ಣ ಫೋನಿನಿಂದ ಮಾಡುತ್ತಿದ್ದಳು.

ಒಂದು ದಿನ ದೊಡ್ಡ ಸಾಗವಾನಿ ದಿಮ್ಮಿ ಗರಗಸಕ್ಕೆ ಕೊಟ್ಟಿದ್ದೆವು. ಆಗ ಮಿಲ್ಲಿನಲ್ಲಿ ಯಾರೂ ಮಾತಾಡುವುದಿಲ್ಲ. ಕಣ್ಣು ಸಹ ಆಚೀಚೆ ಹೋಗುವುದಿಲ್ಲ. ದಿಮ್ಮಿ ಜಾರಿದರೆ ಕೈ ಹೋಗುತ್ತದೆ, ಕೆಲವು ಸಲ ಮನುಷ್ಯನೇ ಹೋಗುತ್ತಾನೆ. ಅರ್ಧ ಕೊಯ್ದಿತ್ತು. ನನ್ನ ಕಿಸೆಯಲ್ಲಿ ಕುಣಿಯುವ ಹಾಡು ಶುರುವಾಯಿತು. ಯಾರಿಗೋ ಏನೋ ಆಯಿತು ಅಂತ ಮಿಶಿನ್ನಿನವನು ಸ್ವಿಚ್ಚು ತೆಗೆದ. ಮಿಲ್ಲು ಪೂರ್ತಿ ನಿಂತಿತು. ಉಸಿರೂ ಕೇಳುವಂತಿತ್ತು. ನಾನು ಫೋನು ಎತ್ತಿದೆ.

“ಮುಲಾಮ ಹಚ್ಕೊಂಡ್ರ್ಯೋ ಇಲ್ಲೋ? ಕುಂದ್ರಾಕ ಬರ್ತೈತೇನ ಈಗ?”

“ಹ್ಞೂಂ” ಅಂದೆ.

“ಹ್ಞೂಂ ಅಂದ್ರ ಯಾವುದಕ್ಕ? ಹಚ್ಕೊಂಡಿದ್ದಕ್ಕೋ, ಕುಂದ್ರಾಕ ಬರೂದಕ್ಕೋ?”

“ಎರಡಕ್ಕೂ.”

ಯಾರೂ ನಗಲಿಲ್ಲ. ಅದೇ ನನಗೆ ಕಷ್ಟವಾಯಿತು. ಸಂಜೆಯೊಳಗೆ ಒಬ್ಬ ಸೊಪ್ಪು ತಂದುಕೊಟ್ಟ, ಒಬ್ಬ ಪಥ್ಯ ಹೇಳಿದ. ಮಾಲಕರು ಯಾವಾಗಲೂ ಒಂದು ಮೆತ್ತೆಯ ಮೇಲೆ ಕೂರುತ್ತಿದ್ದರು. ಶ್ರೀಮಂತರ ರೀತಿ ಅಂದುಕೊಂಡಿದ್ದೆವು. ಅಂದು ಆ ಮೆತ್ತೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ಹತ್ತಿರ ಬಂದರು.

“ನನಗೀಗ ಅಡ್ಡಿಲ್ಲ. ನೀ ಇಟ್ಕ” ಅಂದರು.

ಕೆಂಪು ಗುಂಡಿ

ಗುಂಡಿ ಒಳ್ಳೆಯದೇ. ಕಣ್ಣು ಮುಚ್ಚಿಕೊಂಡು ಒತ್ತಿದರೂ ಹಾಡು ಬರುತ್ತದೆ. ಒತ್ತದೆಯೂ ಬರುತ್ತದೆ.

ಸಿದ್ದಾಪುರದ ಕಡೆ ನಿಲ್ಕುಂದದಲ್ಲಿ ಅವಳ ಸೋದರತ್ತೆ ಇದ್ದಾರೆ. ಅತ್ತೆಯ ಗಂಡ ತೀರಿಕೊಂಡರು ಅಂತ ಮಾತಾಡಿಸಲು ಹೋದೆವು. ಆ ಮನುಷ್ಯ ಬಹಳ ಸಿಟ್ಟಿನವರು. ಸತ್ತ ಮೇಲೂ ಆ ಮನೆಯಲ್ಲಿ ಎಲ್ಲರೂ ಮೆಲ್ಲಗೇ ನಡೆಯುತ್ತಿದ್ದರು. ಜಗಲಿ ತುಂಬ ಜನ. ಒಬ್ಬರದೂ ಮಾತಿಲ್ಲ. ಅತ್ತೆ ಗೋಡೆಗೆ ಒರಗಿ ಕೂತಿದ್ದರು. ನನ್ನವಳು ಪಕ್ಕದಲ್ಲಿ ಕೂತು ಅವರನ್ನು ತಬ್ಬಿಕೊಂಡಳು. ಇಬ್ಬರ ನಡುವೆ ಅವಳ ಚೀಲ ಸಿಕ್ಕಿಕೊಂಡಿತು.

ಹಾಡು ಹತ್ತಿತು.

ಅವಳು ಚೀಲಕ್ಕೆ ಕೈ ಹಾಕಿದಳು. ಬಾಳೆಹಣ್ಣು ಬಂತು. ಟವೆಲು ಬಂತು. ಫೋನು ಬರಲಿಲ್ಲ. ಸತ್ತವರ ತಮ್ಮ ಎದ್ದು ನಿಂತರು. ಅವರೂ ಅಣ್ಣನ ಹಾಗೇ ಅಂತ ಕೇಳಿದ್ದೆ. ನಾನು ಬಾಗಿಲು ಎಲ್ಲಿದೆ ಅಂತ ನೋಡಿಕೊಂಡೆ. ಅವಳು ಚೀಲ ಎತ್ತಿಕೊಂಡು ಅಂಗಳಕ್ಕೆ ಓಡಿದಳು. ಹಾಡೂ ಓಡಿತು. ತುಳಸಿಕಟ್ಟೆಯ ಹಿಂದೆ ಹೋಗಿ ನಿಲ್ಲಿಸಿದಳು. ಮುಖ ಕೆಂಪಾಗಿ ವಾಪಸು ಬಂದಳು.

ಅತ್ತೆ ಕಣ್ಣು ಒರೆಸಿಕೊಂಡರು. “ಎಂತಕ್ಕೆ ನಿಲ್ಸಿದ್ಯೇ? ಅವರು ಇದ್ದಾಗಂತೂ ರೇಡಿಯೋ ಮುಟ್ಟುಕೆ ಬಿಡ್ಲಿಲ್ಲ. ಇನ್ನೊಂದು ಹಾಕು.”

ಬ್ಯಾಟರಿ

ಈಗ ಅವಳು ಹೋದ ಮೇಲಿನದು.

ಫೋನು ಅಡುಗೆಮನೆಯ ಗೂಡಿನಲ್ಲಿ ಚಾರ್ಜಿಗೆ ಇತ್ತು. ಅವಳೇ ಇಟ್ಟದ್ದು. ತಾನು ಬರುವತನಕ ಮುಟ್ಟಬೇಡಿ ಅಂದಿದ್ದಳು. ಬರುವುದಿಲ್ಲ ಅಂತ ನನಗೆ ಗೊತ್ತು. ಆದರೆ ಮುಟ್ಟಿದರೆ, ಬರುವುದಿಲ್ಲ ಅಂತ ನಾನೇ ಒಪ್ಪಿಕೊಂಡ ಹಾಗೆ. ಮುಟ್ಟಲಿಲ್ಲ. ಯಾರಿಗೂ ಮುಟ್ಟಲು ಬಿಡಲಿಲ್ಲ.

ಸುದ್ದಿ ತಿಳಿದವರೆಲ್ಲ ಫೋನು ಮಾಡಿದರು. ಸೂತಕದ ಮನೆಯಲ್ಲಿ ಗಳಿಗೆಗೊಮ್ಮೆ ಕುಣಿಯುವ ಹಾಡು. ಪಕ್ಕದ ಮನೆಯವರು ಮೊದಲು ಕಿಟಕಿ ಹಾಕಿಕೊಂಡರು, ಆಮೇಲೆ ಬಾಗಿಲು.

ಅವಳ ತಂಗಿ ಎಕ್ಕಂಬಿಯವಳು. ಅಡುಗೆಗೆ ಅಂತ ಉಳಿದಿದ್ದಳು. “ಭಾವಾ, ಒಂದ ಸಲ ಎತ್ತರಿ. ಇಲ್ಲಾ ಬಂದ್ ಮಾಡ್ರಿ.”

“ಮುಟ್ಟಬ್ಯಾಡ ಅಂದಾಳ.”

“ಅಕ್ಕ ಇದ್ದಾಗ ಆಕಿ ಹೇಳಿದ್ದ ಒಂದರ ಕೇಳೀರೇನ ನೀವು?”

ಅವಳು ಹಿತ್ತಾಳೆ ಪಾತೇಲಿ ತಂದು ಫೋನಿನ ಮೇಲೆ ಬೋರಲು ಹಾಕಿದಳು. ಅದು ಮುಟ್ಟಿದಂತಲ್ಲವಂತೆ. ಮುಂದಿನ ಫೋನು ಬಂದಾಗ ಹಾಡಿನ ಜೊತೆ ಜಾಗಟೆಯೂ ಬಾರಿಸಿದ ಹಾಗಾಯಿತು. ಪಾತೇಲಿ ತೆಗೆದಳು. ಗೋಡೆಯ ಸ್ವಿಚ್ಚು ತೆಗೆದಳು. “ಸ್ವಿಚ್ಚು ಫೋನಲ್ಲ” ಅಂದಳು. ಬ್ಯಾಟರಿ ಮುಗಿದು ತಾನೇ ಸಾಯಲಿ ಅಂತ.

ಮುಗಿಯಲಿಲ್ಲ. ಮರುದಿನವೂ ಕೂಗಿತು. ಅದರ ಮರುದಿನ ಹಾಡಿನ ನಡುವೆ ಟೊಂಯ್ ಟೊಂಯ್ ಅನ್ನತೊಡಗಿತು. ಅಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ. ಯಾರೂ ಇಲ್ಲದಾಗ ಹೋಗಿ ಗೋಡೆಯ ಸ್ವಿಚ್ಚು ಹಾಕಿದೆ. ಸ್ವಿಚ್ಚು ಫೋನಲ್ಲ.

ಬ್ಯಾಟರಿ ಚೆನ್ನಾಗಿದೆ. ತೊಂದರೆ ಬೇರೆ ಆಯಿತು. ಫೋನು ಹೋಗುತ್ತದೆ, ನಾನು ಎತ್ತುವುದಿಲ್ಲ. ನನಗೂ ಏನೋ ಆಗಿದೆ ಅಂತ ಎಲ್ಲರಿಗೂ ಭಯ. ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸುವವರೆಲ್ಲ ಬಸ್ಸು ಹಿಡಿದು ಮನೆಗೇ ಬಂದರು. ನನ್ನನ್ನು ಕಂಡು ಸಮಾಧಾನವಾಗಿ ಊಟಕ್ಕೆ ಕೂತರು.

ಕಾಗೆ

ಕಾರ್ಯದ ದಿನ ಬಂತು. ಅಂದು ನಮ್ಮಲ್ಲಿ ಸತ್ತವರಿಗೆ ಎಡೆ ಇಡುತ್ತೇವೆ. ಅವರಿಗೆ ಸೇರುತ್ತಿದ್ದ ಅಡುಗೆಯೆಲ್ಲ ಬಾಳೆ ಎಲೆಯ ಮೇಲೆ. ಕಾಗೆ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಹೋದವರ ಮನಸ್ಸಿನಲ್ಲಿ ಏನೋ ಉಳಿದಿದೆ ಅಂತ. ಅದೇನು ಅಂತ ಹುಡುಕಿ, ಮಾಡಿಕೊಡುತ್ತೇವೆ ಅಂತ ಕಾಗೆಗೆ ಕೇಳುವ ಹಾಗೆ ಹೇಳಬೇಕು. ಅಲ್ಲಿಯತನಕ ಯಾರಿಗೂ ಊಟವಿಲ್ಲ.

ಹಿತ್ತಲ ಗೋಡೆಯ ಮೇಲೆ ಎಲೆ ಇಟ್ಟು ಹಿಂದೆ ಸರಿದೆವು. ಒಂದು ಕಾಗೆ ಬಂತು. ಹಲಸಿನ ಮರದ ತುದಿಯಲ್ಲಿ ಕೂತಿತು. ಅಲ್ಲೇ ಕೂತಿತು.

ನಾದಿನಿ ಮುಂದೆ ಹೋದಳು. “ಅಕ್ಕಾ, ಭಾವಗ ವಾರಕ್ಕೊಮ್ಮಿ ರೊಟ್ಟಿ ಬಡದು ಕಳಸ್ತೀನಿ. ಬಾರವ್ವ.”

ಕಾಗೆ ಬೇರೆ ಕಡೆ ನೋಡಿತು.

ಕಾರ್ಯ ಮಾಡಿಸಲು ಬಂದ ಹಿರಿಯರು ಕೇಳಿದರು. “ತವರಮನಿಯಿಂದ ಏನರ ಉಳದೈತೇನು?”

ಎಲ್ಲರೂ ಅವಳ ಅಣ್ಣನನ್ನು ನೋಡಿದರು. ಅವರೂ ಎಕ್ಕಂಬಿಯಿಂದ ಬಂದಿದ್ದರು. ಅವರ ಬಚ್ಚಲಲ್ಲಿ ಒಂದು ತಾಮ್ರದ ಹಂಡೆ ಇದೆ. ನನ್ನ ಹೆಂಡತಿಗೆ ಅಂತ ಅವರವ್ವ ಇಟ್ಟದ್ದು. ಕೊಟ್ಟಿರಲಿಲ್ಲ. ಪ್ರತಿ ದೀಪಾವಳಿಗೆ ನೀರು ತುಂಬುವ ದಿನ ನನ್ನವಳಿಗೆ ಅದರ ನೆನಪಾಗುತ್ತಿತ್ತು.

“ಹಂಡೇವು ಕೊಡ್ತೀನಿ” ಅಂದರು ನೆಲ ನೋಡಿಕೊಂಡು.

“ನಮಗಲ್ಲ, ಅದಕ್ಕ ಹೇಳ್ರಿ” ಅಂದರು ಹಿರಿಯರು.

“ಹಂಡೇವು ಕೊಡ್ತೀನವ್ವಾ.”

ಕಾಗೆ ಒಂದು ಟೊಂಗೆ ಕೆಳಗೆ ಬಂತು. ಜನರಲ್ಲಿ ಗುಜುಗುಜು.

“ಮುಚ್ಚಳ?” ಅಂದಳು ನಾದಿನಿ.

“ಮುಚ್ಚಳಾನೂ.”

ಇನ್ನೊಂದು ಟೊಂಗೆ ಇಳಿಯಿತು.

“ಯಾವಾಗ ಅಂತನೂ ಹೇಳಿಬಿಡಣ್ಣಾ.”

“ಸೋಮವಾರ” ಅಂದರು. ದನಿ ಬಿದ್ದುಹೋಗಿತ್ತು.

ಕಾಗೆ ಗೋಡೆಗೆ ಹಾರಿ ಬಂತು. ಎಲೆಯಿಂದ ದೂರ, ಗೋಡೆಯ ಆ ತುದಿಗೆ ಕೂತಿತು. ಮತ್ತೆ ಕದಲಲಿಲ್ಲ. ಬಿಸಿಲು ನೆತ್ತಿಗೆ ಬಂತು. ಅನ್ನ ಒಣಗತೊಡಗಿತು. ಇನ್ನೂ ಹೊತ್ತಾದರೆ ದರ್ಭೆಯ ಕಾಗೆ ಮಾಡಿ ಮುಟ್ಟಿಸಬೇಕು, ಅದು ಮನಸ್ಸಿಗೆ ಒಳ್ಳೆಯದಲ್ಲ ಅಂದರು ಹಿರಿಯರು. ಆಮೇಲೆ ನನ್ನ ಹತ್ತಿರ ಬಂದರು.

“ಗಂಡ ನೀ. ನಿನ್ನಿಂದ ಏನರ ಉಳದಿರ್ತೈತಿ. ಒಂದ ಮಾತ ಹೇಳಪಾ.”

ಏನು ಕೊಡುತ್ತೇನೆ ಅನ್ನಲಿ? ನನ್ನ ಹತ್ತಿರ ಇದ್ದದ್ದೆಲ್ಲ ಅವಳ ಕೈಯಲ್ಲೇ ಇತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆಗ ಒಳಗೆ ಫೋನು ಕೂಗಿತು. ಅದೇ ಹಾಡು. ಅವಳ ಅಣ್ಣ ತಲೆ ಹಿಡಿದುಕೊಂಡರು. ಕಾಗೆ ಹಾರಿಹೋಯಿತು ಅಂತಲೇ ಅಂದುಕೊಂಡೆವು.

ಹಾರಲಿಲ್ಲ. ಕತ್ತು ಓರೆ ಮಾಡಿ ಅಡುಗೆಮನೆಯ ಕಡೆ ನೋಡಿತು. ಆಮೇಲೆ ನನ್ನನ್ನು ನೋಡಿತು.

ನಾನು ಗೋಡೆಯ ಹತ್ತಿರ ಹೋದೆ.

“ಬಂದೀಯಲ್ಲ” ಅಂದೆ. “ಇನ್ನ ನಾ ಫೋನ್ ಮುಟ್ಟಲೇನ?”

ಹಾಡು ನಿಂತಿತು. ಕಾಗೆ ಗೋಡೆಯ ಮೇಲೆ ನಡೆದುಕೊಂಡು ಬಂತು. ಎಲೆಯನ್ನು ಮುಟ್ಟಿತು. ಮೊದಲು ವಡೆ ತೆಗೆದುಕೊಂಡಿತು.

ನಾದಿನಿ ಅತ್ತಳು. ನಾನೂ ಅತ್ತೆ. ಹಿರಿಯರು ಬೇರೆ ಕಡೆ ತಿರುಗಿ ನಿಂತರು. ಅವಳ ಅಣ್ಣ ನನ್ನ ಹೆಗಲ ಮೇಲೆ ಕೈ ಇಟ್ಟರು. ಕಿವಿ ಮಂದ ಅಂತ ಗೊತ್ತಿದ್ದರಿಂದ ಎಲ್ಲರಿಗೂ ಕೇಳುವ ಹಾಗೆ ಕಿವಿಯಲ್ಲಿ ಹೇಳಿದರು.

“ಭಾವಾರ, ಇದನ್ನ ಮೊದಲ ಹೇಳಬಾರದಿತ್ತ? ನಂದೊಂದು ಹಂಡೇವು ಉಳೀತಿತ್ತು.”

ಅಳುತ್ತಿದ್ದವರೆಲ್ಲ ನಕ್ಕರು. ನಾದಿನಿ ಕಣ್ಣು ಒರೆಸಿಕೊಂಡು ಎಲೆ ಹಾಕಿದಳು. ಉಂಡೆವು.

ಮರುದಿನ ಬೆಳಿಗ್ಗೆ ನಾನು ಚಹಾ ಮಾಡಿಕೊಳ್ಳುತ್ತಿದ್ದಾಗ ಫೋನು ಕೂಗಿತು. ಕೈ ಒರೆಸಿಕೊಂಡೆ. ಗೂಡಿನಿಂದ ತೆಗೆದೆ. ಮೇಲೆ ಧೂಳು ಕೂತಿತ್ತು. ಅಂಗಿಯಿಂದ ಒರೆಸಿ, ಹಸಿರು ಗುರುತು ನೋಡಿ ಒತ್ತಿದೆ. ಅವಳ ಅಣ್ಣ. ಓಣಿಗೆಲ್ಲ ಕೇಳಿತು.

“ಭಾವಾರ, ಹಂಡೇವು ತಿಕ್ಕಿ ಇಟ್ಟೀನಿ. ಮುಚ್ಚಳ ಸಿಗವಲ್ದು. ಆ ಕಾಗಿ ನಿಮ್ಮ ಮಾತ ಕೇಳ್ತೈತಿ. ಒಂದೀಟು ಹೇಳ್ರಿ.”

ಹಿತ್ತಲ ಬಾಗಿಲು ತೆಗೆದು ನೋಡಿದೆ. ಗೋಡೆ ಖಾಲಿ ಇತ್ತು.

“ಹೇಳ್ತೀನಿ” ಅಂದೆ. ಫೋನು ಕಿಸೆಗೆ ಹಾಕಿಕೊಂಡು ಮಿಲ್ಲಿಗೆ ಹೋದೆ.