ಬದುವಿನ ಮೇಲೆ ಹನ್ನೊಂದು ಮುಚ್ಚಳ

ನನ್ನ ಕಣ್ಣು ತಪ್ಪಿಸಿ ನಮ್ಮ ತೋಟದಲ್ಲಿ ಒಂದು ಮಣ್ಣುಹೆಂಟೆಯೂ ಹೊರಳಲಾರದು ಎಂದು ನಂಬಿದ್ದವನು ನಾನು. ಹಾರೋಹಳ್ಳಿ ಸುತ್ತ ಹೊಲಗಳೆಲ್ಲ ಕಾರ್ಖಾನೆಗಳಾಗುತ್ತಿದ್ದ ಕಾಲ. ನಮ್ಮ ಅನ್ನವೆಲ್ಲ ಒಂದೂವರೆ ಎಕರೆ ಹಿಪ್ಪುನೇರಳೆಯಿಂದ. ಅದೆಲ್ಲಿ ಹೋಗಿಬಿಡುತ್ತದೋ ಎಂದು ದಿನಾ ಬದುವಿನ ಮೇಲೆ ಗಸ್ತು ತಿರುಗುತ್ತಿದ್ದೆ.

ಒಂದು ಬೆಳಿಗ್ಗೆ ಕಾಲಿಗೆ ತಗುಲಿ, ರೂಪಾಯಿ ಅಗಲದ ಮಣ್ಣಿನ ಬಿಲ್ಲೆಯೊಂದು ಎದ್ದುಕೊಂಡಿತು. ಕೆಳಗೆ ನೆಟ್ಟಗೆ ಇಳಿದ ಗುಂಡಿ. ಒಳಗೆಲ್ಲ ಬಿಳಿ ಬಟ್ಟೆಯಂಥ ಅಸ್ತರು. ಹುಡುಕಿದರೆ ಅಂಥವು ಹನ್ನೊಂದು!

ನನಗೆ ತಕ್ಷಣ ಅರ್ಥವಾಯಿತು. ಕಾರ್ಖಾನೆ ಕಟ್ಟುವ ಮುಂಚೆ ಮಣ್ಣು ಪರೀಕ್ಷೆ ಮಾಡುತ್ತಾರಲ್ಲ? ಯಾರೋ ಕದ್ದು ಮಣ್ಣು ತೆಗೆದು, ನಮಗೆ ತಿಳಿಯದಿರಲೆಂದು ಮುಚ್ಚಳ ಹಾಕಿ ಹೋಗಿದ್ದಾರೆ.

ಸೊಪ್ಪು ಕೊಯ್ಯುತ್ತಿದ್ದ ನನ್ನ ಹೆಂಡತಿ ಜಯಮ್ಮ ಬಂದು ಅಸ್ತರನ್ನು ಉಗುರಿನಲ್ಲಿ ಎಳೆದು ನೋಡಿದಳು.

"ಇದು ನೂಲು ಕಣ್ರೀ. ಯಾವ್ದೋ ಹುಳ ಸುತ್ಕಂಡೈತೆ. ಸುಮ್ಕೆ ಮುಚ್ಬುಡಿ."

"ಹುಳ ಎಲ್ಲಾರ ಬಾಗ್ಲು ಮಾಡ್ಕತದಾ? ಕೀಲು ಬೇರೆ ಐತೆ ನೋಡು. ಇದು ಇಂಜಿನಿಯರ್ ಕೆಲ್ಸ."

ಹದಿನೆಂಟು ವರ್ಷ ರೇಷ್ಮೆಹುಳು ಸಾಕಿದವಳ ಮಾತನ್ನು ಹೀಗೆ ವೈಜ್ಞಾನಿಕವಾಗಿ ತಳ್ಳಿಹಾಕಿ, ಅರ್ಜಿ ಬರೆಯಲು ಕೂತೆ. 'ಮಾಲೀಕನ ಅನುಮತಿಯಿಲ್ಲದೆ ಹನ್ನೊಂದು ಗುಂಡಿಗಳನ್ನು ತೋಡಿ, ಮುಚ್ಚಳ ಸಹಿತ ಮರೆಮಾಚಿರುವುದನ್ನು ಈ ಮೂಲಕ ಉಗ್ರವಾಗಿ ಖಂಡಿಸುತ್ತೇನೆ.' ರಸ್ತೆ, ಕೊಳವೆಬಾವಿ ಎಲ್ಲವನ್ನೂ ತೋರಿಸುವ ನಕ್ಷೆಯನ್ನೂ ಲಗತ್ತಿಸಿ, ಕಾರ್ಖಾನೆಗಳಿಗೆ ಜಮೀನು ಗೊತ್ತುಮಾಡುವ ಕಚೇರಿಗೆ ಕೊಟ್ಟು ಮೊಹರು ಹಾಕಿಸಿಕೊಂಡು ಬಂದೆ.

ಒಂದೇ ವಾರದಲ್ಲಿ ಸರ್ವೇಯರ್ ಬಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಪಕ್ಕದ ಹೊಲದ ಬೋರೇಗೌಡ ಅರ್ಧ ಊರನ್ನೇ ಕರೆತಂದಿದ್ದ. ಎಲ್ಲರೆದುರು ಮೊದಲನೇ ಮುಚ್ಚಳ ಎತ್ತಲು ಹೋದೆ. ಏಳಲಿಲ್ಲ. ಕಡ್ಡಿ ತೂರಿಸಿ ಮೀಟಿದರೆ ಸ್ವಲ್ಪ ಎದ್ದು, ಮತ್ತೆ ಮುಚ್ಚಿಕೊಂಡಿತು.

"ಒಳಗಿಂದ ಯಾರೋ ಎಳೀತಾವ್ರೆ," ಎಂದೆ.

"ಇಂಜಿನಿಯರ್ರು ಇನ್ನೂ ಒಳ್ಗೇ ಅವ್ರೆ ಕಣ್ಲಾ," ಎಂದ ಬೋರೇಗೌಡ.

ರೇಗಿಹೋಯಿತು. ಬಲವಾಗಿ ಎತ್ತಿ, ಆಳ ತೋರಿಸಲು ಬೆರಳಿಟ್ಟೆ. ಕಚ್ಚಿತು! ಬೆರಳು ಹಿಡಿದು ನಾನು ಕುಣಿಯುತ್ತಿರುವಾಗ, ಕಪ್ಪು ಜೇಡವೊಂದು ಎಲ್ಲರಿಗೂ ಮುಖ ತೋರಿಸಿ, ಒಳಗಿಳಿದು ಬಾಗಿಲು ಎಳೆದುಕೊಂಡಿತು.

ಊರೆಲ್ಲ ನಕ್ಕಿತು. ಸರ್ವೇಯರ್ ಮಾತ್ರ ನಗಲಿಲ್ಲ. ನನ್ನ ನಕ್ಷೆ ಬಿಚ್ಚಿ ತೋಟವನ್ನೊಮ್ಮೆ ನಿಧಾನವಾಗಿ ನೋಡಿದರು.

"ಈ ಸರ್ವೆ ನಂಬರು ನಮ್ಮ ಪಟ್ಟಿಯಲ್ಲೇ ಇರಲಿಲ್ಲ ಯಜಮಾನ್ರೇ. ಮಟ್ಟಸವಾದ ನೆಲ, ರಸ್ತೆ ಪಕ್ಕ, ನೀರೂ ಇದೆ. ನೀವು ಕರೆದಿದ್ದು ಒಳ್ಳೇದಾಯ್ತು."

ಬೆರಳಿನ ಊತ ಮೂರು ದಿನಕ್ಕೆ ಇಳಿಯಿತು. ಭೂಸ್ವಾಧೀನದ ನೋಟಿಸು ಮೂರು ತಿಂಗಳಿಗೆ ಬಂತು.

"ಯಾರಾರ ಬಂದ್ರೆ ಆ ಹುಳ ಬಾಗ್ಲು ಹಾಕ್ಕತದೆ," ಎಂದಳು ಜಯಮ್ಮ. "ನೀವು ಅರ್ಜಿ ಕೊಟ್ಟು ಕರ್ಕಂಡ್ ಬಂದ್ರಿ."

ನೋಟಿಸಿನ ಕೊನೆಯಲ್ಲಿ, ತಕರಾರಿದ್ದರೆ ಮೂವತ್ತು ದಿನದೊಳಗೆ ಬರೆದು ಸಲ್ಲಿಸಬಹುದು ಎಂದಿತ್ತು. ನಾನು ಪೆನ್ನು ತೆಗೆದೆ. ಅವಳು ಕಿತ್ತುಕೊಂಡಳು.

"ತ್ವಾಟ ಹೋಯ್ತು. ಮನೆನಾದ್ರೂ ಉಳ್ಸಿ."