ಹಿಲ್ಡಾ ಎಂಬ ಹೆಸರೂ ನನ್ನ ಬೆನ್ನೂ

ಹಕ್ಕುಗಳಲ್ಲೆಲ್ಲ ಭಯಂಕರವಾದದ್ದು ಸೋದರತ್ತೆಯ ಹಕ್ಕು. ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಅದರ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳಬೇಕಾದವಳು ತಂದೆಯ ಅಕ್ಕ ಇಲ್ಲವೇ ತಂಗಿ. ಹೇಳುವಾಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಅವಳು ಹೇಳಿದ್ದೇ ಹೆಸರು, ಆಮೇಲೆ ಯಾರೂ ಬದಲಿಸುವಂತಿಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ಸಿಳಿದು ಮನೆಗೆ ಓಡುವ ನನ್ನಂಥವಳಿಗೆ ಇಷ್ಟು ಅಧಿಕಾರ ಕೊಡಬಾರದು.

ನನ್ನ ತಮ್ಮನಿಗೆ ಮಗಳು ಹುಟ್ಟಿದಳು. ಭಾಲ್ಕಿಯ ನಮ್ಮ ತವರಿನಲ್ಲಿ ತೊಟ್ಟಿಲ ಕಾರ್ಯ. ನಾನಿನ್ನೂ ನೌಬಾದದ ನನ್ನ ಮನೆ ಬಿಡುವ ಮೊದಲೇ ಅವ್ವ ಫೋನು ಮಾಡಿ, ತನ್ನ ಅತ್ತೆಯ ಹೆಸರು ನೀಲಮ್ಮ, ಅದನ್ನೇ ಹೇಳಬೇಕೆಂದು ತಾಕೀತು ಮಾಡಿದ್ದಳು. ಭಾಲ್ಕಿಗೆ ಹೋದರೆ ತಮ್ಮನ ಹೆಂಡತಿ ಸುನೀತಾ ನನ್ನನ್ನು ಅಡುಗೆಮನೆಗೆ ಎಳೆದೊಯ್ದು ಬೇರೆಯೇ ಹೆಸರು ಹೇಳಿದಳು: ಹಿಲ್ಡಾ.

ಹಿಲ್ಡಾ ಎಂದರೆ ಸುನೀತಾಳ ತವರೂರು ಔರಾದದ ಆಸ್ಪತ್ರೆಯ ನರ್ಸಮ್ಮ. ಹೆರಿಗೆಯಾದಾಗ ಕೂಸು ಅಳದೆ ನೀಲಿಗಟ್ಟಿ ಮಲಗಿತ್ತಂತೆ. ಅದನ್ನು ಉಜ್ಜಿ, ತಟ್ಟಿ, ಬೈದು ಅಳಿಸಿದವಳು ಅವಳೇ.

“ಆಕಿ ಕೈಬಿಟ್ಟಿದ್ರ ಇವತ್ತ ಈ ತೊಟ್ಟಿಲಾನೇ ಇರ್ತಿರಲಿಲ್ರಿ, ಅಕ್ಕಾರ” ಎಂದಳು ಸುನೀತಾ.

ಹೆಸರಿನ ಅರ್ಥವನ್ನೂ ಕೇಳಿಕೊಂಡು ಬಂದಿದ್ದಳು. ಹಿಲ್ಡಾ ಎಂದರೆ ಕಾಳಗ. ಜರ್ಮನ್ ಸೀಮೆಯವರ ಹಳೆಯ ದಂತಕಥೆಯಲ್ಲಿ ಆ ಹೆಸರಿನ ಹೆಣ್ಣು, ರಣರಂಗದಲ್ಲಿ ಸತ್ತು ಬಿದ್ದವರನ್ನು ಮತ್ತೆ ಮತ್ತೆ ಎಬ್ಬಿಸುತ್ತಿದ್ದಳಂತೆ. ಎದ್ದವರು ಮತ್ತೆ ಹೊಡೆದಾಡುತ್ತಿದ್ದರಂತೆ, ಅದು ಬೇರೆ ಮಾತು. ನಾವು ಹೆಣ್ಣುಮಕ್ಕಳಿಗೆ ಹೂವಿನ ಹೆಸರು, ನದಿಯ ಹೆಸರು ಇಟ್ಟು ಸುಮ್ಮನಾಗುತ್ತೇವೆ. ಮಗಳನ್ನು ಕಾಳಗ ಎಂದೇ ಕರೆದ ಆ ಜನದ ಎದೆಗಾರಿಕೆ ದೊಡ್ಡದೆನಿಸಿತು. ಔರಾದದ ಹಿಲ್ಡಾಳಂತೂ ಹೆಸರಿಗೆ ತಕ್ಕವಳು. ಆದರೆ ಅವ್ವನ ಮುಖ ನೆನೆದು, ಹೂಂ ಎಂದೂ ಅನ್ನದೆ ಊಹೂಂ ಎಂದೂ ಅನ್ನದೆ ತೊಟ್ಟಿಲ ಕಡೆ ನಡೆದೆ.

ತೊಟ್ಟಿಲಿಗೆ ಬಾಗಿದೆ. ಗುದ್ದುಗಳು ಶುರುವಾದವು, ಎಲ್ಲಕ್ಕಿಂತ ಭಾರದ್ದು ಅವ್ವನದು. ನೀಲಮ್ಮ ಎಂದುಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕೂಸು ಮನೆ ಹಾರಿಹೋಗುವಂತೆ ಕಿರುಚಿತು. ಹುಟ್ಟಿದಾಗ ಬರಲೊಲ್ಲೆನೆಂದಿದ್ದ ಅಳು ಅದು. ಅದನ್ನು ಇಷ್ಟು ಹತ್ತಿರದಿಂದ ಕೇಳಿದ ಮೇಲೆ ಬೇರೆ ಹೆಸರು ನಾಲಗೆಗೆ ಬರಲಿಲ್ಲ. ಹಿಲ್ಡಾ ಎಂದು ಕಿವಿಯಲ್ಲೂ ಹೇಳಿದೆ, ಎದ್ದು ನಿಂತು ಎಲ್ಲರಿಗೂ ಹೇಳಿದೆ.

ಹಂಗಂದ್ರ ಏನು ಎಂದಳು ಅವ್ವ. ಔರಾದದ ನರ್ಸಮ್ಮನ ಹೆಸರು, ಅರ್ಥ ಕಾಳಗ ಎಂದೆ. ಅವ್ವ ಇನ್ನೂ ಕಿರುಚುತ್ತಿದ್ದ ಕೂಸನ್ನು ನೋಡಿದಳು, ಸೊಸೆಯ ಒದ್ದೆ ಕಣ್ಣು ನೋಡಿದಳು, ಕೊನೆಗೆ ನನ್ನನ್ನು.

“ಇರಲಿ ಬಿಡ. ನಿನಗ ಶಾಂತಾ ಅಂತ ಇಟ್ಟೇವಲ್ಲ, ಒಂದ ದಿನನಾರ ಶಾಂತ ಕುಂತೀ ಏನ?”

ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಕೂಸನ್ನು ಶಾಲೆಗೆ ಹಾಕುವಾಗ ಮಾಸ್ತರರು ಈ ಹೆಸರನ್ನು ಹೇಗೆ ಕೂಗುತ್ತಾರೋ ಎಂಬ ಚಿಂತೆ ನನಗೆ ಆಗಲೇ ಹತ್ತಿಕೊಂಡಿತ್ತು.